ಕೊಲೆಗಾರ ನಮ್ಮ ಆಫೀಸಿನವನೇ ಆದರೆ?

ಡಿಸೆಂಬರ್ 31ರ ರಾತ್ರಿ ಆನ್‌ಕಾಲ್ ಡ್ಯೂಟಿ ಯಾರಿಗೆ ಅನ್ನೋದು ನಮ್ಮ ಟೀಮಿನಲ್ಲಿ ಪ್ರತಿ ವರ್ಷ ನಡೆಯುವ ಸಣ್ಣ ಜಗಳ. ಮದುವೆಯಾದವರಿಗೆ ಫ್ಯಾಮಿಲಿ ಇದೆ, ಆಗದವರಿಗೆ ಪಾರ್ಟಿ ಇದೆ. ಎರಡೂ ಇಲ್ಲದವರ ತಲೆಗೆ ಬೀಳುತ್ತೆ. ಎರಡು ವರ್ಷದ ಹಿಂದೆ ನನಗೆ ಬಿತ್ತು. ಲ್ಯಾಪ್‌ಟಾಪ್ ತೆರೆದಿಟ್ಟು, ಪಕ್ಕದ ಅಪಾರ್ಟ್‌ಮೆಂಟಿನ ಡಿಜೆ ಸದ್ದು ಕೇಳಿಸಿಕೊಳ್ಳುತ್ತಾ, ಯಾವುದೋ ಆಫರ್‌ನಲ್ಲಿ ಕೊಂಡು ಮರೆತೇಹೋಗಿದ್ದ ಒಂದು ಇ-ಬುಕ್ ತೆರೆದೆ. ಮೊದಲ ಪುಟದಲ್ಲೇ ಒಬ್ಬ ಮನುಷ್ಯ ಡಿಸೆಂಬರ್ 31ರ ಮಧ್ಯರಾತ್ರಿ ಡ್ಯೂಟಿ ಮೇಲೆ ಕೂತಿದ್ದಾನೆ. ಫೋನ್ ರಿಂಗ್ ಆಗುತ್ತೆ.

ನಗು ಬಂತು. ‘ಬಾ ಅಣ್ಣ, ನೀನೂ ಇಲ್ಲೇ ಇದ್ದೀಯಾ’ ಅಂದುಕೊಂಡು ಓದಲು ಶುರು ಮಾಡಿದವನು ಬೆಳಗಿನ ನಾಲ್ಕೂವರೆಗೆ ನಿಲ್ಲಿಸಿದೆ. ಪುಣ್ಯಕ್ಕೆ ಆ ರಾತ್ರಿ ನನ್ನ ಫೋನ್ ಮಾತ್ರ ಸುಮ್ಮನಿತ್ತು.

ಪುಸ್ತಕದ ಹೆಸರು ‘ದಿ ಎನಿಮಿ’. ಬರೆದವರು ಲೀ ಚೈಲ್ಡ್. ಪ್ರಕಟವಾದದ್ದು 2004ರಲ್ಲಿ. ಜ್ಯಾಕ್ ರೀಚರ್ ಸರಣಿಯ ಎಂಟನೇ ಕಾದಂಬರಿ. ರೀಚರ್ ಹೆಸರು ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತೆ. ಟಾಮ್ ಕ್ರೂಸ್ ಎರಡು ಸಿನಿಮಾ ಮಾಡಿದ್ರು, ಆಮೇಲೆ 2022ರಿಂದ ಅಮೆಜಾನ್ ಪ್ರೈಮ್‌ನಲ್ಲಿ ಅಲನ್ ರಿಚ್‌ಸನ್ ಬಂದರು. ಅಲ್ಲಿ ರೀಚರ್ ಅಂದರೆ ಸೇನೆ ಬಿಟ್ಟು, ಜೇಬಲ್ಲಿ ಒಂದು ಟೂತ್‌ಬ್ರಷ್ ಇಟ್ಟುಕೊಂಡು ಊರೂರು ಅಲೆಯುವ, ಸಿಕ್ಕಿದ ಕೆಟ್ಟವರಿಗೆಲ್ಲ ಬಾರಿಸುವ ಆಜಾನುಬಾಹು. ಆದರೆ ಈ ಕಾದಂಬರಿ ಹಿಂದಕ್ಕೆ ಹೋಗುತ್ತೆ. ಇಲ್ಲಿ ಅವನಿಗೆ 29 ವರ್ಷ. ಇನ್ನೂ ಅಮೆರಿಕನ್ ಸೇನೆಯಲ್ಲಿದ್ದಾನೆ. ಮಿಲಿಟರಿ ಪೊಲೀಸ್‌ನಲ್ಲಿ ಮೇಜರ್. ಯೂನಿಫಾರ್ಮ್ ಇದೆ, ಬಾಸ್ ಇದ್ದಾರೆ, ಟ್ರಾನ್ಸ್‌ಫರ್ ಆರ್ಡರ್ ಇದೆ. ಒಟ್ಟಿನಲ್ಲಿ ನಮ್ಮ ಹಾಗೆ ಸಂಬಳದ ಮನುಷ್ಯ.

ಅವತ್ತು ಬಂದ ಫೋನ್ ಏನು ಅಂದರೆ, ನಾರ್ತ್ ಕೆರೊಲಿನಾದ ಒಂದು ಅಗ್ಗದ ಮೋಟೆಲ್‌ನಲ್ಲಿ ಸೇನೆಯವನೊಬ್ಬ ಸತ್ತು ಬಿದ್ದಿದ್ದಾನೆ. ಹಾರ್ಟ್ ಅಟ್ಯಾಕ್. ಹೋಗಿ ನೋಡಿದರೆ ಆತ ಸಾಮಾನ್ಯ ಸಿಪಾಯಿ ಅಲ್ಲ, ಜನರಲ್. ಜರ್ಮನಿಯಲ್ಲಿ ಟ್ಯಾಂಕ್ ಪಡೆಗಳನ್ನು ನೋಡಿಕೊಳ್ಳುವ ಕ್ರೇಮರ್. ಕ್ಯಾಲಿಫೋರ್ನಿಯಾದ ಫೋರ್ಟ್ ಅರ್ವಿನ್‌ನಲ್ಲಿ ನಡೆಯುವ ಮೀಟಿಂಗಿಗೆ ಹೊರಟವನು ಸಂಬಂಧವೇ ಇಲ್ಲದ ಊರಿನ ಡಬ್ಬಾ ಮೋಟೆಲ್‌ಗೆ ಯಾಕೆ ಬಂದ? ಅವನ ಬ್ರೀಫ್‌ಕೇಸ್ ಎಲ್ಲಿ? ರೀಚರ್ ಮತ್ತು ಅವನ ಜೊತೆಗಾರ್ತಿ ಲೆಫ್ಟಿನೆಂಟ್ ಸಮ್ಮರ್ (ಈಕೆ ಕಾರು ಓಡಿಸುವ ಸ್ಪೀಡಿಗೆ ನಮ್ಮ ಏರ್‌ಪೋರ್ಟ್ ಕ್ಯಾಬ್‌ನವರೂ ಕೈ ಮುಗಿಯಬೇಕು) ರಾತ್ರೋರಾತ್ರಿ ವರ್ಜೀನಿಯಾಕ್ಕೆ ಹೋಗಿ ಜನರಲ್ ಹೆಂಡತಿಗೆ ಸಾವಿನ ಸುದ್ದಿ ಮುಟ್ಟಿಸೋಣ ಅಂತ ಬಾಗಿಲು ತಟ್ಟಿದರೆ, ಒಳಗೆ ಆಕೆಯ ಕೊಲೆಯಾಗಿದೆ.

ಕಥೆ ಇಷ್ಟೇ ಹೇಳ್ತೀನಿ. ಮುಂದಿನದು ನೀವೇ ಓದಿ. ನನಗೆ ಹೇಳಬೇಕಿರೋದು ಬೇರೆ.

ನಾನು ಪತ್ತೇದಾರಿ ಕಾದಂಬರಿ ಓದಲು ಕಲಿತದ್ದು ಹಾಸನದ ನಮ್ಮಜ್ಜನ ಮನೆಯ ಅಟ್ಟದಲ್ಲಿ. ಅಲ್ಲಿ ಎನ್. ನರಸಿಂಹಯ್ಯನವರ ಪುಸ್ತಕಗಳ ಒಂದು ಕಟ್ಟೇ ಇತ್ತು. ರಟ್ಟು ಹರಿದ, ಕೊನೆಯ ಪುಟ ಹೋದ ಪುಸ್ತಕಗಳು. ಕೊಲೆಗಾರ ಯಾರು ಅಂತ ಗೊತ್ತಾಗದೆ ಅತ್ತಿದ್ದೂ ಉಂಟು. ಅವರ ಪತ್ತೇದಾರ ಪುರುಷೋತ್ತಮ ಆಗಲಿ, ಇಂಗ್ಲಿಷಿನ ಷರ್ಲಾಕ್ ಹೋಮ್ಸ್ ಆಗಲಿ, ಪ್ವಾರೋ ಆಗಲಿ, ಎಲ್ಲರೂ ಹೊರಗಿನಿಂದ ಬರುವವರು. ಬರ್ತಾರೆ, ನೋಡ್ತಾರೆ, ಕಂಡುಹಿಡಿದು ಹೊರಟುಹೋಗ್ತಾರೆ. ಮಾರನೇ ದಿನ ಆ ಕೊಲೆಗಾರನ ಜೊತೆ ಅವರು ಕ್ಯಾಂಟೀನ್‌ನಲ್ಲಿ ಊಟಕ್ಕೆ ಕೂರಬೇಕಾಗಿಲ್ಲ. ಅಪ್ರೈಸಲ್ ಮಾಡೋನು ಆ ಕೊಲೆಗಾರನ ಸ್ನೇಹಿತ ಆಗಿರೋದಿಲ್ಲ.

ಮಿಲಿಟರಿ ಪತ್ತೇದಾರನ ಪಾಡು ಅದಲ್ಲ. ಸತ್ತವನು ಸೇನೆಯವನು, ಕೊಂದವನು ಸೇನೆಯವನು, ಸಾಕ್ಷಿ ಸೇನೆಯವನು, ತನಿಖೆ ಮಾಡೋನೂ ಸೇನೆಯವನು. ಸಾಕ್ಷಿ ಹೇಳಬೇಕಾದವನು ಇವನಿಗಿಂತ ಮೂರು ಮೆಟ್ಟಿಲು ಮೇಲಿರಬಹುದು. ಪ್ರಶ್ನೆ ಕೇಳುವ ಮೊದಲು ಸೆಲ್ಯೂಟ್ ಹೊಡೀಬೇಕು!

ಇದು ಕಾದಂಬರಿಕಾರರು ಹುಟ್ಟಿಸಿದ ಸಮಸ್ಯೆ ಏನಲ್ಲ. ಅಮೆರಿಕನ್ ಸೇನೆಯಲ್ಲಿ ದೊಡ್ಡ ಅಪರಾಧಗಳನ್ನು ತನಿಖೆ ಮಾಡುವ ಸಿಐಡಿ ಅನ್ನುವ ವಿಭಾಗವೇ ಇದೆ (ನಮ್ಮ ಸಿಐಡಿ ಅಲ್ಲ, ಅವರದ್ದೇ ಬೇರೆ). ಅದರ ಏಜೆಂಟರು ಬಹುತೇಕ ಸಾದಾ ಬಟ್ಟೆಯಲ್ಲಿರ್ತಾರೆ, ತಮ್ಮ ರ‍್ಯಾಂಕ್ ತೋರಿಸೋದಿಲ್ಲ. ಎದುರು ಕೂತ ಕರ್ನಲ್‌ಗೆ ತನ್ನನ್ನು ಪ್ರಶ್ನೆ ಮಾಡ್ತಿರೋನು ತನಗಿಂತ ಎಷ್ಟು ಕೆಳಗಿನವನು ಅಂತ ಗೊತ್ತಾಗಬಾರದು, ಅದಕ್ಕೆ. ಎಷ್ಟು ಸರಳವಾದ ಉಪಾಯ ನೋಡಿ. ನಮ್ಮ ಮೀಟಿಂಗ್‌ಗಳಲ್ಲೂ ಹೆಸರಿನ ಕೆಳಗೆ ಡೆಸಿಗ್ನೇಷನ್ ಕಾಣದ ಹಾಗೆ ಮಾಡಿದರೆ ಅರ್ಧ ವಾದ ಬೇಗ ಮುಗಿಯುತ್ತೆ ಅಂತ ನನಗನ್ನಿಸುತ್ತೆ.

ನಮ್ಮ ದೇಶದಲ್ಲೂ ಮಿಲಿಟರಿ ಪೊಲೀಸ್ ಇದೆ. ಕೋರ್ ಆಫ್ ಮಿಲಿಟರಿ ಪೊಲೀಸ್. ಅವರ ತರಬೇತಿ ಕೇಂದ್ರ ಇರೋದು ನಮ್ಮ ಬೆಂಗಳೂರಿನಲ್ಲೇ. ಸೇನೆಗೆ ಜವಾನರ ಹಂತದಲ್ಲಿ ಸೇರಿದ ಮೊದಲ ಮಹಿಳಾ ತಂಡ, 83 ಮಂದಿ, ತರಬೇತಿ ಮುಗಿಸಿ 2021ರ ಮೇನಲ್ಲಿ ಹೊರಬಂದದ್ದು ಇಲ್ಲಿಂದಲೇ. ಅವರ ಗುರುತು ಕೆಂಪು ಟೋಪಿ. ನಮ್ಮ ದೊಡ್ಡಮಾವ ಸೇನೆಯಲ್ಲಿ ಹವಾಲ್ದಾರ್ ಆಗಿ ರಿಟೈರ್ ಆದವರು. ಪುಸ್ತಕ ಓದಿದ ಮೇಲೆ ಅವರಿಗೆ ಫೋನ್ ಮಾಡಿ, ‘ಮಾವ, ಮಿಲಿಟರಿ ಪೊಲೀಸ್‌ನೋರು ನಿಮ್ಮ ಯೂನಿಟ್ಟಿಗೆ ಬರ‍್ತಿದ್ರಾ?’ ಅಂತ ಕೇಳಿದೆ.

‘ಬರ‍್ದೇ ಏನು. ಕೆಂಪು ಟೋಪಿ ಕಂಡ್ರೆ ಸಾಕು, ತಪ್ಪು ಮಾಡ್ದೋನು ಮಾಡ್ದೇ ಇರೋನು ಇಬ್ರೂ ಬಟನ್ ಸರಿ ಮಾಡ್ಕೊಳೋರು. ಅವ್ರು ನಮ್ಮೋರೇ ಕಣೋ, ಆದ್ರೂ ನಮ್ಮೋರಲ್ಲ. ಮೆಸ್ಸಲ್ಲಿ ಬಂದು ಕೂತ್ರೆ ಮಾತು ನಿಂತೋಗದು.’

ನಮ್ಮೋರೇ, ಆದ್ರೂ ನಮ್ಮೋರಲ್ಲ. ರೀಚರ್ ಬಗ್ಗೆ ಲೀ ಚೈಲ್ಡ್ ನಾನ್ನೂರು ಪುಟದಲ್ಲಿ ಹೇಳಿದ್ದನ್ನು ದೊಡ್ಡಮಾವ ಒಂದು ಸಾಲಲ್ಲಿ ಹೇಳಿ, ‘ಅಮ್ಮ ಹೆಂಗವ್ರೆ?’ ಅಂತ ಮಾತು ಬದಲಿಸಿದರು.

ಈ ಕಾದಂಬರಿಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಅದರ ಕಾಲ. 1989ರ ನವೆಂಬರ್ 9ಕ್ಕೆ ಬರ್ಲಿನ್ ಗೋಡೆ ಬಿತ್ತು. ಕಥೆ ಶುರುವಾಗೋದು ಅದಾಗಿ ಎರಡು ತಿಂಗಳೂ ತುಂಬುವ ಮುಂಚೆ. ನಲವತ್ತು ವರ್ಷದಿಂದ ಅಮೆರಿಕನ್ ಸೇನೆಯ ಒಂದು ದೊಡ್ಡ ಭಾಗ ಪಶ್ಚಿಮ ಜರ್ಮನಿಯಲ್ಲಿ ಕೂತು, ಸೋವಿಯತ್ ಟ್ಯಾಂಕ್‌ಗಳು ಯಾವತ್ತು ನುಗ್ಗುತ್ತವೋ ಅಂತ ಕಾಯ್ತಾ ಇತ್ತು. ಅದಕ್ಕೇ ಅಂತ ಟ್ಯಾಂಕು, ಅದಕ್ಕೇ ಅಂತ ತರಬೇತಿ, ಬಡ್ತಿ, ಜನರಲ್‌ಗಳು. ಒಂದು ರಾತ್ರಿ ಬೆಳಗಾಗೋದರೊಳಗೆ ಗೋಡೆ ಇಲ್ಲ. ವೈರಿಯೇ ಇಲ್ಲ ಅಂದ ಮೇಲೆ ಇಷ್ಟು ಜನ ಯಾಕೆ ಬೇಕು?

ಸಂತೋಷ ಪಡಬೇಕಾದ ವಿಷಯ ತಾನೇ? ಯುದ್ಧವೇ ಇಲ್ಲದೆ ಗೆದ್ದರು. ಆದರೆ ಕಾದಂಬರಿಯ ಟ್ಯಾಂಕ್ ಪಡೆಯ ಅಧಿಕಾರಿಗಳ ಮುಖದಲ್ಲಿ ಇರೋದು ಸಂತೋಷ ಅಲ್ಲ, ಭಯ. ಇನ್ನು ಮುಂದೆ ಹಗುರವಾದ, ಬೇಗ ಚಲಿಸುವ ಪಡೆಗಳ ಕಾಲ. ನಮ್ಮ ವಿಭಾಗಕ್ಕೆ ಕತ್ತರಿ ಬೀಳುತ್ತೆ. ನಿಜ ಜೀವನದಲ್ಲೂ ಹಾಗೇ ಆಯ್ತು. 1989ರಲ್ಲಿ ಸುಮಾರು 7.7 ಲಕ್ಷ ಇದ್ದ ಅಮೆರಿಕನ್ ಭೂಸೇನೆ ಮುಂದಿನ ಹತ್ತು ವರ್ಷದಲ್ಲಿ 5 ಲಕ್ಷಕ್ಕಿಂತ ಕೆಳಗೆ ಇಳಿಯಿತು. ‘ದಿ ಎನಿಮಿ’ ಅನ್ನುವ ಹೆಸರಿನ ಅರ್ಥ ಇಲ್ಲಿದೆ. ಹೊರಗಿನ ವೈರಿ ಹೋದ ಮೇಲೆ ಒಳಗೊಳಗೇ ವೈರಿಗಳು ಹುಟ್ಟಿಕೊಳ್ತಾರೆ. ಕ್ರೇಮರ್‌ನ ಕಾಣೆಯಾದ ಬ್ರೀಫ್‌ಕೇಸ್‌ನಲ್ಲಿ ಇದ್ದದ್ದು ಒಂದು ಮೀಟಿಂಗ್ ಅಜೆಂಡಾ. ಕೇವಲ ಅಜೆಂಡಾ! ಅದು ಯಾರ ಕಣ್ಣಿಗೂ ಬೀಳಬಾರದು ಅಂತ ಇಷ್ಟೆಲ್ಲ ರಕ್ತ.

ಲೇಆಫ್ ಸುದ್ದಿ ದಿನಾ ಓದುವ, ‘ರೀಸ್ಟ್ರಕ್ಚರಿಂಗ್’ ಅನ್ನುವ ಸಬ್ಜೆಕ್ಟ್ ಇರೋ ಇಮೇಲ್ ಬಂದರೆ ಟಾಯ್ಲೆಟ್‌ಗೆ ಹೋಗಿ ತೆರೆಯುವ ನಮ್ಮಂಥವರಿಗೆ ಈ ಭಾಗ ಬೇರೆ ಥರವೇ ಓದಿಸಿಕೊಳ್ಳುತ್ತೆ. ಮೂರು ವರ್ಷ ಕಟ್ಟಿದ ಪ್ರಾಡಕ್ಟ್ ಒಂದು ದಿನ ‘ಸನ್‌ಸೆಟ್’ ಆಗುತ್ತೆ ಅಂತ ಕೇಳಿದಾಗ ನಮ್ಮ ಫ್ಲೋರಿನಲ್ಲಿ ಹಿರಿಯರ ಮುಖ ಹೇಗಾಗಿತ್ತು ಅಂತ ನೋಡಿದ್ದೀನಿ. ಯಾರೂ ಯಾರನ್ನೂ ಕೊಲ್ಲಲಿಲ್ಲ, ಸರಿ. ಆದರೆ ಯಾರ ಹೆಸರು ಯಾವ ಪಟ್ಟಿಯಲ್ಲಿ ಹಾಕಬೇಕು ಅನ್ನೋದರಲ್ಲಿ ನಡೆದ ರಾಜಕೀಯ ನೋಡಿದರೆ, ಕೊಲೆಗೆ ಇನ್ನೊಂದೆರಡು ಮೆಟ್ಟಿಲು ಮಾತ್ರ ಬಾಕಿ ಅನ್ನಿಸಿತ್ತು.

ಲೀ ಚೈಲ್ಡ್‌ಗೆ ಇದು ಇಷ್ಟು ಚೆನ್ನಾಗಿ ಗೊತ್ತಿರೋದಕ್ಕೆ ಕಾರಣ ಇದೆ. ಅವರು ಸೇನೆಯಲ್ಲಿ ಒಂದು ದಿನವೂ ಇದ್ದವರಲ್ಲ. ಅಮೆರಿಕದವರೂ ಅಲ್ಲ, ಇಂಗ್ಲೆಂಡಿನವರು. ನಿಜವಾದ ಹೆಸರು ಜಿಮ್ ಗ್ರಾಂಟ್. ಮ್ಯಾಂಚೆಸ್ಟರ್‌ನ ಗ್ರನಾಡಾ ಟೆಲಿವಿಷನ್‌ನಲ್ಲಿ ಸುಮಾರು 18 ವರ್ಷ ಕೆಲಸ ಮಾಡಿದವರು, ಅಲ್ಲಿ ಯೂನಿಯನ್ ಕೆಲಸವನ್ನೂ ನೋಡಿಕೊಂಡವರು. 1995ರಲ್ಲಿ ರೀಸ್ಟ್ರಕ್ಚರಿಂಗ್ ಹೆಸರಲ್ಲಿ ಕೆಲಸ ಹೋಯಿತು. ಆಗ ಅವರಿಗೆ 40. ಮನೆ ನಡೀಬೇಕಲ್ಲ? ಕಾಗದ, ಪೆನ್ಸಿಲ್ ಕೊಂಡು ಕಾದಂಬರಿ ಬರೆಯಲು ಕೂತರು. ಅದೇ ‘ಕಿಲ್ಲಿಂಗ್ ಫ್ಲೋರ್’, 1997ರಲ್ಲಿ ಬಂತು. ರೀಚರ್ ಅನ್ನುವ ಹೆಸರು ಬಂದದ್ದೂ ತಮಾಷೆಯಾಗಿ. ಲೀ ಚೈಲ್ಡ್ ತುಂಬಾ ಎತ್ತರದ ಮನುಷ್ಯ. ಸೂಪರ್‌ಮಾರ್ಕೆಟ್‌ಗೆ ಹೋದಾಗಲೆಲ್ಲ ಯಾರಾದರೂ ಅಜ್ಜಿ ಬಂದು ‘ಮೇಲಿನ ಶೆಲ್ಫಿಂದ ಅದೊಂದು ತೆಗೆದುಕೊಡಪ್ಪ’ ಅನ್ನೋರು. ‘ಬರವಣಿಗೆ ಕೈಕೊಟ್ರೆ ಅಂಗಡೀಲಿ ರೀಚರ್ ಕೆಲಸಕ್ಕೆ ಸೇರ‍್ಕೋ’ ಅಂತ ಹೆಂಡತಿ ರೇಗಿಸಿದರಂತೆ.

ನೌಕರಿ ಕಳಕೊಂಡವನೊಬ್ಬ, ನೌಕರಿ ಹೋಗುವ ಭಯದಲ್ಲಿರುವ ಜನರಲ್‌ಗಳ ಬಗ್ಗೆ ಬರೆದಾಗ ಅದು ಬರೀ ರಿಸರ್ಚ್ ಮಾಡಿ ಬರೆದ ಹಾಗೆ ಇರೋದಿಲ್ಲ.

ಈಗ ವಿಲರ್ಡ್ ವಿಷಯಕ್ಕೆ ಬರ‍್ತೀನಿ. ಈ ಲೇಖನ ಬರೆಯೋಕೆ ಕಾರಣವೇ ಆ ಮನುಷ್ಯ.

ರೀಚರ್‌ಗೆ ಗಾರ್ಬರ್ ಅಂತ ಒಬ್ಬ ಒಳ್ಳೆ ಬಾಸ್ ಇರ್ತಾನೆ. ಕಥೆ ಶುರುವಾದ ಸ್ವಲ್ಪ ಹೊತ್ತಿಗೆ ಅವನನ್ನು ಕೊರಿಯಾಕ್ಕೆ ಎತ್ತಂಗಡಿ ಮಾಡಿ, ಕರ್ನಲ್ ವಿಲರ್ಡ್ ಅನ್ನುವವನನ್ನು ತಂದು ಕೂರಿಸ್ತಾರೆ. ತನಿಖೆಯ ಗಂಧಗಾಳಿ ಇಲ್ಲದ, ಮೇಜಿನ ಹಿಂದೆ ಕೂತು ಬೆಳೆದ ಆಸಾಮಿ. ಕ್ರೇಮರ್ ಸತ್ತದ್ದು ಹಾರ್ಟ್ ಅಟ್ಯಾಕ್‌ನಿಂದ, ಫೈಲ್ ಮುಚ್ಚು ಅಂತಾನೆ. ಆಮೇಲೆ ಸೇನಾನೆಲೆಯ ಒಳಗೇ ಕಾರ್ಬೋನ್ ಅನ್ನುವ ಸಾರ್ಜೆಂಟ್‌ನ ಹೆಣ ಸಿಗುತ್ತೆ. ಯಾರು ನೋಡಿದರೂ ಕೊಲೆ. ವಿಲರ್ಡ್ ಹೇಳ್ತಾನೆ: ತರಬೇತಿ ವೇಳೆ ನಡೆದ ಅಪಘಾತ ಅಂತ ಬರಿ.

ಆ ಜಾಗದಲ್ಲಿ ಕಿಂಡಲ್ ಕೆಳಗಿಟ್ಟೆ.

ಯಾಕೆ ಅಂದರೆ ನಾನೂ ಒಮ್ಮೆ ಹಾಗೆ ಬರೆದಿದ್ದೀನಿ. ಹಿಂದಿನ ಕಂಪನಿ, ಹೆಸರು ಬೇಡ. ಒಂದು ಶುಕ್ರವಾರ ರಾತ್ರಿ ನಮ್ಮ ಸರ್ವಿಸ್ ಐದು ಗಂಟೆ ಬಿದ್ದುಹೋಯಿತು. ಟೆಸ್ಟಿಂಗ್ ಆಗದ ಒಂದು ಬದಲಾವಣೆಯನ್ನು ಗಡುವಿನ ನೆಪದಲ್ಲಿ ಪ್ರೊಡಕ್ಷನ್‌ಗೆ ತಳ್ಳಿ ಅಂತ ಹೇಳಿದ್ದು ಮೇಲಿನವರೊಬ್ಬರು. ಚಾಟ್‌ನಲ್ಲಿ ಇತ್ತು, ಎಲ್ಲರೂ ನೋಡಿದ್ದೆವು. ಬಟನ್ ಒತ್ತಿದವನು ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದ್ದ, ಗದಗದ ಕಡೆಯ ಹುಡುಗ. ಸೋಮವಾರ ಮೂಲ ಕಾರಣ ವಿವರಿಸುವ ಡಾಕ್ಯುಮೆಂಟ್, ನಮ್ಮ ಭಾಷೆಯಲ್ಲಿ ಆರ್‌ಸಿಎ, ಬರೆಯೋದು ನನ್ನ ಪಾಲಿಗೆ ಬಂತು. ನಾನು ನಡೆದದ್ದನ್ನು ನಡೆದ ಹಾಗೆ ಬರೆದೆ. ಸಂಜೆ ಮ್ಯಾನೇಜರ್ ಕರೆದು, ಬೈಯದೆ, ಕಾಫಿ ಕೊಡಿಸಿ, ‘ಇಷ್ಟೆಲ್ಲ ಡೀಟೇಲ್ ಕ್ಲೈಂಟ್‌ಗೆ ಬೇಡ. ಹ್ಯೂಮನ್ ಎರರ್ ಅಂತ ಹಾಕಿ, ಟ್ರೇನಿಂಗ್ ಕೊಟ್ಟಿದ್ದೀವಿ ಅಂತ ಮುಗಿಸಿ’ ಅಂದರು. ಅಪ್ರೈಸಲ್‌ಗೆ ಆರು ವಾರ ಇತ್ತು. ನಾನು ಬದಲಾಯಿಸಿದೆ. ಹುಡುಗನ ಹೆಸರು ಹಾಕಿರಲಿಲ್ಲ, ಆದರೆ ಆ ಶಿಫ್ಟಿನಲ್ಲಿ ಇದ್ದದ್ದು ಅವನೊಬ್ಬನೇ. ಮೂರು ತಿಂಗಳಲ್ಲಿ ಅವನು ಕೆಲಸ ಬಿಟ್ಟ.

ರೀಚರ್ ಏನು ಮಾಡ್ತಾನೆ? ಬರೆಯೋದಿಲ್ಲ. ಆರ್ಡರ್ ಮೀರಿ ತನಿಖೆ ಮುಂದುವರಿಸ್ತಾನೆ. ಇಲ್ಲಿ ಸುಲಭವಾಗಿ ‘ಹೀರೋ’ ಅಂತ ಚಪ್ಪಾಳೆ ತಟ್ಟಬಹುದಿತ್ತು. ಆದರೆ ಲೀ ಚೈಲ್ಡ್ ಒಂದು ಲೆಕ್ಕ ಬಿಡದೆ ಇಡ್ತಾರೆ. ಆರ್ಡರ್ ಮೀರೋದು ಸೇನೆಯಲ್ಲಿ ಅಪರಾಧ, ಅದಕ್ಕೆ ಶಿಕ್ಷೆ ಇದೆ. ಇನ್ನೊಂದು ಕಡೆ ರೀಚರ್ ಕೂಡ ಸಾಚಾ ಅಲ್ಲ. ಕಥೆಯ ಆರಂಭದಲ್ಲೇ ಮೋಟೆಲ್ ಎದುರಿನ ಬಾರ್‌ನಲ್ಲಿ ಸೇನೆಗೆ ಸೇರದ ಒಬ್ಬ ನಾಗರಿಕನ ಮೇಲೆ ಕೈ ಮಾಡಿ ಜಖಂ ಮಾಡಿರ್ತಾನೆ. ಅದರ ದೂರು ವಿಲರ್ಡ್ ಕೈಯಲ್ಲಿ ಇರುತ್ತೆ. ಕೊನೆಗೆ ಆ ತಪ್ಪಿಗೆ ರೀಚರ್ ಏನು ಮಾಡ್ತಾನೆ ಅನ್ನೋದು ಕೊಲೆಗಾರ ಯಾರು ಅನ್ನೋದಕ್ಕಿಂತ ನನಗೆ ಮುಖ್ಯ ಅನ್ನಿಸಿತು. ಹೇಳಲ್ಲ. ಆದರೆ ಉಳಿದ ರೀಚರ್ ಪುಸ್ತಕಗಳ ಹೊಡೆದಾಟ ಓದಿ ಬೇಸತ್ತವರು ಈ ಕೊನೆಯ ಅಧ್ಯಾಯಕ್ಕೋಸ್ಕರ ಆದರೂ ಇದನ್ನು ಓದಬೇಕು.

ತನಿಖೆಯ ರೀತಿಯೂ ನಮ್ಮ ಡಿಬಗಿಂಗ್ ಇದ್ದ ಹಾಗೇ ಇದೆ. 1990, ಮೊಬೈಲ್ ಇಲ್ಲ, ಸಿಸಿಟಿವಿ ಇಲ್ಲ. ರೀಚರ್ ಮತ್ತು ಸಮ್ಮರ್ ಹತ್ತಿರ ಇರೋದು ಗೇಟಿನ ದಾಖಲೆ ಪುಸ್ತಕ, ಟ್ರಾನ್ಸ್‌ಫರ್ ಆರ್ಡರ್‌ಗಳ ಪ್ರತಿ, ಒಂದು ಹಾರ್ಡ್‌ವೇರ್ ಅಂಗಡಿಯಿಂದ ಕದ್ದ ಕಬ್ಬಿಣದ ಹಾರೆ, ಒಂದು ಖಾಲಿ ಮೊಸರಿನ ಡಬ್ಬಿ. ಯಾರು ಎಷ್ಟು ಗಂಟೆಗೆ ಒಳಗೆ ಬಂದರು, ಎಷ್ಟಕ್ಕೆ ಹೊರಗೆ ಹೋದರು, ಅಷ್ಟು ದೂರ ಅಷ್ಟು ಹೊತ್ತಲ್ಲಿ ಓಡಿಸೋಕೆ ಆಗುತ್ತಾ ಅಂತ ಕೂಡಿ ಕಳೀತಾ ಹೋಗ್ತಾರೆ. ಲಾಗ್ ನೋಡಿ ಬದುಕುವ ನಮಗೆಲ್ಲ ಗೊತ್ತಿರುವ ಪಾಠ ಒಂದು ಅಲ್ಲಿ ಬರುತ್ತೆ. ಲಾಗ್‌ನಲ್ಲಿ ಇದ್ದದ್ದು ನಿಜ ಇರಬಹುದು, ಇಲ್ಲದ್ದು ನಡೆದೇ ಇಲ್ಲ ಅಂತ ಅರ್ಥ ಅಲ್ಲ.

ಮಧ್ಯೆ ಪ್ಯಾರಿಸ್‌ನ ಭಾಗ ಇದೆ. ರೀಚರ್ ಮತ್ತು ಅಣ್ಣ ಜೋ, ಒಬ್ಬಂಟಿಯಾಗಿರುವ ಅಮ್ಮನನ್ನು ನೋಡಲು ಹೋಗ್ತಾರೆ. ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡಿದ್ದಾಳೆ, ಆದರೆ ನಿಜವಾದ ಕಾಯಿಲೆ ಬೇರೆ. ಚಿಕಿತ್ಸೆ ಬೇಡ ಅಂತ ಆಕೆಯೇ ತೀರ್ಮಾನ ಮಾಡಿಬಿಟ್ಟಿದ್ದಾಳೆ. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಪ್ಯಾರಿಸ್ ಹಿಡಿದಾಗ ಆಕೆ ಇನ್ನೂ ಚಿಕ್ಕ ಹುಡುಗಿ, ಆಗ ಆಕೆ ಏನು ಮಾಡಿದ್ದಳು ಅನ್ನೋದು ಮಕ್ಕಳಿಗೆ ತುಂಬಾ ತಡವಾಗಿ ಗೊತ್ತಾಗುತ್ತೆ. ಪತ್ತೇದಾರ ಮಗನಿಗೆ ಅಮ್ಮನ ಬಗ್ಗೆಯೇ ಏನೂ ಗೊತ್ತಿರಲಿಲ್ಲ. ಹತ್ತು ಪುಟ ಇರಬಹುದು. ಓದಿ ಮುಗಿಸಿದಾಗ ಬೆಳಗಿನ ಎರಡು ಗಂಟೆ, ಇಲ್ಲದಿದ್ದರೆ ಅಮ್ಮನಿಗೆ ಫೋನ್ ಮಾಡ್ತಿದ್ದೆ.

ಕೊರತೆ ಇಲ್ಲ ಅಂತಲ್ಲ. ವಿಲರ್ಡ್ ಪಾತ್ರ ನನಗೆ ಸಾಲಲಿಲ್ಲ. ಅವನು ಪೂರ್ತಿ ಕೆಟ್ಟವನು, ಪೂರ್ತಿ ದಡ್ಡ. ನಾನು ಕಂಡ ವಿಲರ್ಡ್‌ಗಳು ಒಳ್ಳೆ ಮನುಷ್ಯರು, ಕಾಫಿ ಕೊಡಿಸ್ತಾರೆ, ಮಗಳ ಬರ್ತ್‌ಡೇಗೆ ಕರೀತಾರೆ. ಅದಕ್ಕೇ ಅವರಿಗೆ ಇಲ್ಲ ಅನ್ನೋದು ಕಷ್ಟ. ಅಂಥ ವಿಲರ್ಡ್‌ನನ್ನು ಬರೆದಿದ್ದರೆ ಕಾದಂಬರಿ ಇನ್ನೊಂದು ಮಟ್ಟಕ್ಕೆ ಹೋಗುತ್ತಿತ್ತು. ರೀಚರ್ ಎಂಥ ಹೊಡೆತ ತಿಂದರೂ ಮಾರನೇ ದಿನ ಕಾಫಿ ಕುಡಿದು ಎದ್ದುಬಿಡ್ತಾನೆ, ಅದೂ ಸರಣಿಯ ಹಳೇ ಕಾಯಿಲೆ. ಮರುಭೂಮಿಯ ಕ್ಲೈಮ್ಯಾಕ್ಸ್ ಸಿನಿಮಾದವರಿಗೇ ಬರೆದ ಹಾಗಿದೆ. ಅಂದಹಾಗೆ, ಕಥೆ ಮುಗಿಯೋದು 1990ರ ಜನವರಿಯಲ್ಲಿ. ಟ್ಯಾಂಕ್‌ಗಳ ಕಾಲ ಮುಗೀತು ಅಂತ ಅವರೆಲ್ಲ ಕೊಲ್ಲೋದು ಸಾಯೋದು ಮಾಡ್ತಾರೆ. ಅದೇ ಆಗಸ್ಟ್‌ನಲ್ಲಿ ಇರಾಕ್ ಕುವೈತ್‌ಗೆ ನುಗ್ಗಿತು, ಮುಂದಿನ ಫೆಬ್ರವರಿಯಲ್ಲಿ ಅದೇ ಅಮೆರಿಕನ್ ಟ್ಯಾಂಕ್‌ಗಳು ಮರುಭೂಮಿಯಲ್ಲಿ ಯುದ್ಧ ಮಾಡಿದವು. ಇನ್ನೊಂದು ವರ್ಷ ಸುಮ್ಮನಿದ್ದಿದ್ದರೆ ಆ ಅಧಿಕಾರಿಗಳಿಗೆ ಕೊಲೆಯ ಅಗತ್ಯವೇ ಇರಲಿಲ್ಲ. ಕಾದಂಬರಿ ಇದನ್ನು ಹೇಳೋದಿಲ್ಲ. 2004ರಲ್ಲಿ ಓದಿದವರಿಗೂ ಗೊತ್ತಿತ್ತು, ಈಗ ಓದುವ ನಮಗೂ ಗೊತ್ತು.

ಓದಿ ಒಂದು ವಾರದ ಮೇಲೆ ಲಿಂಕ್ಡ್‌ಇನ್‌ನಲ್ಲಿ ಆ ಗದಗದ ಹುಡುಗನನ್ನು ಹುಡುಕಿದೆ. ಪುಣೆಯಲ್ಲಿದ್ದಾನೆ. ‘ಆವತ್ತಿನ ಆರ್‌ಸಿಎ ಬರೆದದ್ದು ನಾನು, ತಪ್ಪು ಬರೆದೆ’ ಅಂತ ಮೆಸೇಜ್ ಹಾಕಿದೆ. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಬಂತು: ‘ಗೊತ್ತಿತ್ರಿ ಅಣ್ಣಾ. ನಿಮ್ಮ ಮೊದಲ್ನೇ ಡ್ರಾಫ್ಟ್ ನಾ ನೋಡಿದ್ದೆ.’

ಅದಕ್ಕೆ ಏನು ಉತ್ತರ ಬರೆಯೋದು ಅಂತ ನನಗೆ ಇನ್ನೂ ತಿಳಿದಿಲ್ಲ.

ಈ ಜಾತಿಯ ಪುಸ್ತಕ ಇಷ್ಟವಾದರೆ, ರೀಚರ್ ಇನ್ನೂ ಸೇನೆಯಲ್ಲಿರುವ ಬೇರೆ ಕಥೆಗಳೂ ಇವೆ, ಉದಾಹರಣೆಗೆ ‘ದಿ ಅಫೇರ್’ (2011), ‘ನೈಟ್ ಸ್ಕೂಲ್’ (2016). ಮೊದಲನೆಯದು ಅವನು ಸೇನೆ ಬಿಟ್ಟದ್ದು ಯಾಕೆ ಅನ್ನೋದನ್ನು ಹೇಳುತ್ತೆ, ‘ದಿ ಎನಿಮಿ’ ಆದಮೇಲೆ ಓದಿ. ಇನ್ನೂ ಗಟ್ಟಿಯಾದದ್ದು ಬೇಕು ಅಂದರೆ ನೆಲ್ಸನ್ ಡಿಮಿಲ್ ಬರೆದ ‘ದಿ ಜನರಲ್ಸ್ ಡಾಟರ್’ (1992) ಇದೆ. ಡಿಮಿಲ್ ವಿಯೆಟ್ನಾಂ ಯುದ್ಧದಲ್ಲಿ ಲೆಫ್ಟಿನೆಂಟ್ ಆಗಿದ್ದವರು, ಹಾಗಾಗಿ ಅಲ್ಲಿನ ಸೇನೆಯ ವಾಸನೆಯೇ ಬೇರೆ. ಆದರೆ ವಿಷಯ ತುಂಬಾ ಕಠೋರ. ರಾತ್ರಿ ಆನ್‌ಕಾಲ್‌ನಲ್ಲಿ ಒಬ್ಬರೇ ಕೂತು ಓದೋಕೆ ಹೋಗಬೇಡಿ.